ವಾರ್ಡೇ ಗೊತ್ತಿಲ್ಲ, ನಿಲ್ಲೋದು ಎಲ್ಲಿ? ಮೈಸೂರು ಪಾಲಿಕೆ ಚುನಾವಣೆಯ ಕಗ್ಗಂಟು

ದಸರಾ ಜಂಬೂ ಸವಾರಿಯ ದಿನ ಮೈಸೂರಿನ ಮೇಯರ್ ಕುದುರೆ ಏರಿ ಮೆರವಣಿಗೆಯಲ್ಲಿ ಬರುವುದು ರೂಢಿ. ಸವಾರಿ ಗೊತ್ತಿಲ್ಲದವರು ಮೇಯರ್ ಆದರೆ ಹಬ್ಬಕ್ಕೆ ಮುಂಚೆ ಅಭ್ಯಾಸ ಮಾಡುತ್ತಾರೆ, ಅದರ ಫೋಟೊ ಪೇಪರಿನಲ್ಲಿ ಬರುತ್ತದೆ, ಊರಿನವರು ನೋಡಿ ನಗುತ್ತಾರೆ. 2024ರ ದಸರಾ ಬಂತು, 2025ರದ್ದೂ ಬಂತು. ಆನೆ ಇತ್ತು, ಅಂಬಾರಿ ಇತ್ತು, ಕುದುರೆಗಳೂ ಇದ್ದವು. ಏರಲು ಮೇಯರ್ ಮಾತ್ರ ಇರಲಿಲ್ಲ.

2023ರ ನವೆಂಬರ್‌ನಲ್ಲಿ ಮೈಸೂರು ಮಹಾನಗರ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ಬಂದವರು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ. ಅಂದಿನಿಂದ ಸುದ್ದಿಗಳಿಗೇನೂ ಬರವಿಲ್ಲ. ಒಂದು ವಾರ ವಾರ್ಡ್ ಪುನರ್‌ವಿಂಗಡಣೆ, ಮುಂದಿನ ವಾರ ಬೃಹತ್ ಮೈಸೂರು, ಅದಾದ ಮೇಲೆ ಮೀಸಲಾತಿ, ನಡುವೆ ಇವಿಎಂ ಬೇಡ ಮತಪತ್ರ ಬೇಕು ಅನ್ನುವ ಚರ್ಚೆ. ಇದನ್ನೆಲ್ಲ ಓದಿದವರಿಗೆ ಚುನಾವಣೆ ಬಂತೋ ಹೋಯಿತೋ ಅನ್ನುವುದೇ ಗೊತ್ತಾಗುವುದಿಲ್ಲ. ಅದರಲ್ಲೂ ತಮ್ಮ ಹುಟ್ಟೂರಿನ, ತಮ್ಮದೇ ಬೀದಿಯ ವಾರ್ಡಿನಿಂದ ಒಂದು ಸಲ ನಿಂತು ನೋಡೋಣ ಅಂದುಕೊಂಡವರಿಗಂತೂ ತಲೆ ಕೆಟ್ಟು ಹೋಗಿದೆ.

ಒಂದೊಂದೇ ಎಳೆ ಬಿಡಿಸಿ ನೋಡೋಣ.

ಐದು ವರ್ಷ ಅಂದರೆ ಯಾವತ್ತಿನಿಂದ?

ಮೈಸೂರು ಪಾಲಿಕೆಗೆ ಕೊನೆಯ ಸಾರ್ವತ್ರಿಕ ಚುನಾವಣೆ ನಡೆದದ್ದು 2018ರ ಆಗಸ್ಟ್ 31ರಂದು. ಫಲಿತಾಂಶ ಸೆಪ್ಟೆಂಬರ್ 3ಕ್ಕೆ ಬಂತು. 65 ವಾರ್ಡು. ಬಿಜೆಪಿಗೆ 22, ಕಾಂಗ್ರೆಸ್‌ಗೆ 19, ಜೆಡಿಎಸ್‌ಗೆ 18, ಬಿಎಸ್‌ಪಿಗೆ 1, ಪಕ್ಷೇತರರಿಗೆ 5. ಯಾರಿಗೂ ಬಹುಮತ ಇಲ್ಲ. ಹಾಗಾಗಿ ಐದು ವರ್ಷ ಹೊಂದಾಣಿಕೆಯಲ್ಲೇ ಕಳೆಯಿತು. ಐದು ವರ್ಷಕ್ಕೆ ಐದು ಮೇಯರ್ ಬಂದು ಹೋದರು.

2018ರ ಆಗಸ್ಟ್ ಚುನಾವಣೆಯಲ್ಲಿ ಗೆದ್ದವರ ಅವಧಿ 2023ರ ಆಗಸ್ಟ್‌ಗೆ ಮುಗಿಯಬೇಕಿತ್ತು, ಅಲ್ವಾ? ಇಲ್ಲ. ಸಂವಿಧಾನದ 243ಯು ವಿಧಿ ಐದು ವರ್ಷವನ್ನು ಲೆಕ್ಕ ಹಾಕುವುದು ಮತದಾನದ ದಿನದಿಂದ ಅಲ್ಲ, ಮೊದಲ ಸಭೆಯ ದಿನದಿಂದ. ಮೈಸೂರಿನಲ್ಲಿ ಮೊದಲ ಮೇಯರ್ ಆಯ್ಕೆಯೇ 2018ರ ನವೆಂಬರ್‌ಗೆ ಹೋಯಿತು. ಅದಕ್ಕೇ 2023ರ ನವೆಂಬರ್.

ಮಂಡ್ಯ ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಮಂಡ್ಯ ನಗರಸಭೆಯ 35 ವಾರ್ಡಿಗೂ ಮತದಾನ ಆಗಿದ್ದು ಅದೇ 2018ರ ಆಗಸ್ಟ್ 31ಕ್ಕೆ. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟ್ ಮೆಟ್ಟಿಲೇರಿ, ರಾಜ್ಯದ ಹತ್ತಾರು ನಗರಸಭೆ ಪುರಸಭೆಗಳ ಹಾಗೆ ಅಲ್ಲೂ ಗೆದ್ದವರು ಎರಡು ವರ್ಷ ಗೆದ್ದೂ ಗೆಲ್ಲದವರ ಹಾಗೆ ಕೂತಿದ್ದರು. ಅಧ್ಯಕ್ಷರ ಆಯ್ಕೆ ಆಗಿದ್ದು 2020ರ ನವೆಂಬರ್‌ನಲ್ಲಿ. ಹೀಗಾಗಿ ಒಂದೇ ದಿನ ಗೆದ್ದ ಮೈಸೂರಿನವರು 2023ಕ್ಕೆ ಮಾಜಿ ಆದರು, ಮಂಡ್ಯದವರು 2025ರ ಕೊನೆವರೆಗೂ ಹಾಲಿ ಆಗಿದ್ದರು. ಗೆದ್ದವರು ಎರಡು ವರ್ಷ ಖಾಲಿ ಕೂತರೂ ಅವರ ಐದು ವರ್ಷ ಕರಗುವುದಿಲ್ಲ. ವಾರ್ಡಿನ ಜನರ ಎರಡು ವರ್ಷ ಮಾತ್ರ ಕರಗುತ್ತದೆ.

ಅದೇ 243ಯು ವಿಧಿಯಲ್ಲಿ ಇನ್ನೊಂದು ಮಾತಿದೆ. ಅವಧಿ ಮುಗಿಯುವ ಮುಂಚೆಯೇ ಹೊಸ ಚುನಾವಣೆ ಮುಗಿದಿರಬೇಕು. ಮುಗಿದ ಮೇಲೆ ಯೋಚನೆ ಮಾಡೋಣ ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಹಾಗಿದ್ದರೂ ಹೇಗೆ ನಿಂತಿತು?

ಆಯೋಗದ ಕೈಯಲ್ಲಿ ಏನಿದೆ, ಏನಿಲ್ಲ

ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ವಿಧಾನಸಭೆ, ಲೋಕಸಭೆ ನಡೆಸುವ ಕೇಂದ್ರದ ಆಯೋಗಕ್ಕೂ ಇದಕ್ಕೂ ಸಂಬಂಧ ಇಲ್ಲ, ಎರಡೂ ಬೇರೆ ಬೇರೆ. ತುಂಬಾ ಜನ ಇಲ್ಲೇ ಎಡವುತ್ತಾರೆ. ‘ಆಯೋಗ ಮಲಗಿದೆಯಾ’ ಅಂತ ಬೈಯುತ್ತಾರೆ.

ಆಯೋಗ ಚುನಾವಣೆ ಮಾಡಬೇಕಾದರೆ ಮೊದಲು ಎರಡು ಕಾಗದ ಬೇಕು. ಒಂದು, ಎಷ್ಟು ವಾರ್ಡು, ಯಾವ ವಾರ್ಡಿನ ಗಡಿ ಎಲ್ಲಿಂದ ಎಲ್ಲಿಗೆ ಅನ್ನುವ ಅಧಿಸೂಚನೆ. ಎರಡು, ಯಾವ ವಾರ್ಡ್ ಯಾರಿಗೆ ಮೀಸಲು ಅನ್ನುವ ಪಟ್ಟಿ. ಪಾಲಿಕೆ, ನಗರಸಭೆಗಳ ವಿಷಯದಲ್ಲಿ ಈ ಎರಡನ್ನೂ ಹೊರಡಿಸುವುದು ರಾಜ್ಯ ಸರ್ಕಾರ, ಅಂದರೆ ನಗರಾಭಿವೃದ್ಧಿ ಇಲಾಖೆ. ವಾರ್ಡಿನ ಗಡಿ ಗೊತ್ತಾಗದೆ ಮತದಾರರ ಪಟ್ಟಿಯನ್ನು ವಾರ್ಡುವಾರು ಒಡೆಯಲು ಆಗುವುದಿಲ್ಲ. ಪಟ್ಟಿ ಇಲ್ಲದೆ ವೇಳಾಪಟ್ಟಿ ಇಲ್ಲ. ಸಂವಿಧಾನವೆಂಬ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಯಾವ ಸರ್ಕಾರಕ್ಕೂ ಇದು ಬಹಳ ಅನುಕೂಲದ ವ್ಯವಸ್ಥೆ. ‘ಚುನಾವಣೆ ಮಾಡಲ್ಲ’ ಅಂತ ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಿಧಾನವಾಗಿ ಹೋದರೆ ಸಾಕು. ಇದರಲ್ಲಿ ಪಕ್ಷಭೇದ ಹುಡುಕುವವರು ಸ್ವಲ್ಪ ಹಿಂದೆ ತಿರುಗಿ ನೋಡಬೇಕು. ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಅವಧಿ 2019ರಲ್ಲಿ ಮುಗಿದು, ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. ಬೆಂಗಳೂರಿನ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ 198 ವಾರ್ಡು 243 ಆಯಿತು, 243 ಹೋಗಿ 225 ಆಯಿತು, ಕೊನೆಗೆ ಊರನ್ನೇ ಐದು ಪಾಲಿಕೆ ಮಾಡಿ 369 ವಾರ್ಡು ಮಾಡಿದರು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿದೆ. ಈ ನಡುವೆ ವಿಧಾನಸೌಧದಲ್ಲಿ ಸಮ್ಮಿಶ್ರ ಸರ್ಕಾರ ಇತ್ತು, ಬಿಜೆಪಿ ಇತ್ತು, ಕಾಂಗ್ರೆಸ್ ಬಂತು. ಅಧಿಕಾರದಲ್ಲಿರುವವರಿಗೆ ಈ ಚುನಾವಣೆ ಯಾವತ್ತೂ ಅವಸರದ ಕೆಲಸ ಅಲ್ಲ, ವಿರೋಧ ಪಕ್ಷದಲ್ಲಿರುವವರಿಗೆ ಯಾವತ್ತೂ ಪ್ರಜಾಪ್ರಭುತ್ವದ ಕಗ್ಗೊಲೆ. ಕುರ್ಚಿ ಬದಲಾದರೆ ಮಾತೂ ಬದಲಾಗುತ್ತದೆ.

ಬೃಹತ್ ಮೈಸೂರು ಎಲ್ಲಿಂದ ಬಂತು?

ಮೈಸೂರಿನ ಸುದ್ದಿಗೆ ಒಂದು ತಿರುವು ಇದೆ. ಊರು ಪಾಲಿಕೆಯ ಗಡಿ ದಾಟಿ ಎಷ್ಟೋ ವರ್ಷ ಆಯಿತು. ರಿಂಗ್ ರೋಡಿನ ಆಚೆ ಬಡಾವಣೆಗಳ ಮೇಲೆ ಬಡಾವಣೆ. 2020ರ ಹೊತ್ತಿಗೆ ಈ ಅಂಚಿನ ಪ್ರದೇಶಗಳನ್ನು ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿ ಅಂತ ಮಾಡಿದರು. ಈಗ ಇವನ್ನೂ, ಸುತ್ತಲಿನ ಕೆಲವು ಗ್ರಾಮ ಪಂಚಾಯಿತಿಗಳನ್ನೂ ಪಾಲಿಕೆಗೆ ಸೇರಿಸಿ ಬೃಹತ್ ಮೈಸೂರು ಮಹಾನಗರ ಪಾಲಿಕೆ ಮಾಡುವುದು ಯೋಜನೆ.

ಸರ್ಕಾರದ ಕಡೆಯ ವಾದ ಇಷ್ಟು: ಹಳೆಯ 65 ವಾರ್ಡಿಗೆ ಈಗ ಚುನಾವಣೆ ಮಾಡಿದರೆ ಅಂಚಿನ ಬಡಾವಣೆಗಳು ಇನ್ನೂ ಐದು ವರ್ಷ ಹೊರಗೆ ಉಳಿಯುತ್ತವೆ, ಇಲ್ಲವೇ ಅರ್ಧದಲ್ಲಿ ಸೇರಿಸಿ ಮತ್ತೆ ಗೊಂದಲ ಆಗುತ್ತದೆ. ಮೊದಲು ಊರಿನ ಗಡಿ ಸರಿ ಮಾಡೋಣ, ಆಮೇಲೆ ಚುನಾವಣೆ. ಈ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಒಂದೇ ರಸ್ತೆಯ ಈ ಬದಿಗೆ ಪಾಲಿಕೆ ನೀರು, ಆ ಬದಿಗೆ ಟ್ಯಾಂಕರ್ ಅನ್ನುವ ಸ್ಥಿತಿ ಇರುವ ಊರು ಇದು. ಅಂಚಿನ ಬಡಾವಣೆಯವರಿಗೆ ಬೇಕಾಗಿರುವುದು ಕಾವೇರಿ ಅಥವಾ ಕಬಿನಿ ನೀರು, ಒಳಚರಂಡಿ (ಯುಜಿಡಿ) ಸಂಪರ್ಕ, ಬೀದಿದೀಪ. ಅದನ್ನು ಕೊಡುವ ಶಕ್ತಿ ಪಟ್ಟಣ ಪಂಚಾಯಿತಿಗೆ ಇಲ್ಲ.

ಇನ್ನೊಂದು ಕಡೆಯವರು ಕೇಳುವುದೂ ಸರಿಯೇ. ಗಡಿ ವಿಸ್ತರಣೆ ಬೇಕು ಅನ್ನುವುದು 2023ರ ನವೆಂಬರ್‌ನಲ್ಲಿ ಇದ್ದಕ್ಕಿದ್ದ ಹಾಗೆ ಗೊತ್ತಾದ ವಿಷಯ ಅಲ್ಲ. ಅವಧಿ ಮುಗಿಯುವ ದಿನಾಂಕ ಐದು ವರ್ಷ ಮುಂಚೆಯೇ ಗೊತ್ತಿತ್ತು. ಆಗ ಮಾಡದೆ ಈಗ ಅದನ್ನೇ ಕಾರಣವಾಗಿ ತೋರಿಸಿದರೆ ನಂಬುವುದು ಹೇಗೆ?

ಹಳ್ಳಿಗಳ ಧ್ವನಿ ಮೂರನೆಯದು, ಇದು ಪೇಪರಿನ ಒಳಪುಟದಲ್ಲಿ ಉಳಿದುಬಿಡುತ್ತದೆ. ಗ್ರಾಮ ಪಂಚಾಯಿತಿ ಪಾಲಿಕೆಯೊಳಗೆ ಹೋದರೆ ತೆರಿಗೆ ಜಾಸ್ತಿ ಆಗುತ್ತದೆ. ಹಳ್ಳಿಗೆ ಮಾತ್ರ ಸಿಗುವ ಉದ್ಯೋಗ ಖಾತರಿ ಕೂಲಿ ನಿಲ್ಲುತ್ತದೆ. ಗ್ರಾಮಸಭೆ ಇರುವುದಿಲ್ಲ. ಒಂದು ಪಂಚಾಯಿತಿಯಲ್ಲಿ ಹತ್ತಿಪ್ಪತ್ತು ಸದಸ್ಯರಿದ್ದ ಕಡೆ ನಾಳೆ ಒಬ್ಬ ಕಾರ್ಪೊರೇಟರ್. ಸೈಟು ತೆಗೆದುಕೊಂಡು ಬಂದವರಿಗೂ ಅಲ್ಲೇ ಹುಟ್ಟಿ ದನ ಕಟ್ಟಿಕೊಂಡವರಿಗೂ ಇದರಲ್ಲಿ ಒಂದೇ ಲಾಭ ಇಲ್ಲ.

ಇದಕ್ಕೆಲ್ಲ ಜನಗಣತಿಯ ತೊಡಕು ಬೇರೆ. ಸದ್ಯ ವಾರ್ಡು ಒಡೆಯುವುದು 2011ರ ಜನಗಣತಿ ಮೇಲೆ. ಆಗ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಸುಮಾರು 8.9 ಲಕ್ಷ, ಅಂದರೆ ವಾರ್ಡಿಗೆ ಸರಾಸರಿ 13,700ರ ಆಸುಪಾಸು. ಇವತ್ತಿನ ಮೈಸೂರಿಗೆ ಆ ಲೆಕ್ಕ ಹೊಂದುವುದಿಲ್ಲ ಅನ್ನುವುದು ಬೋಗಾದಿ ರಸ್ತೆಯಲ್ಲಿ ಸಂಜೆ ಆರಕ್ಕೆ ಸಿಕ್ಕಿಹಾಕಿಕೊಂಡ ಯಾರಿಗೂ ಗೊತ್ತು. ಹೊಸ ಜನಗಣತಿ 2027ರದ್ದು. ಅದಕ್ಕಾಗಿ ಆಡಳಿತ ಗಡಿಗಳನ್ನು ಏನಿದ್ದರೂ 2025ರ ಡಿಸೆಂಬರ್ 31ರೊಳಗೆ ಬದಲಿಸಿಕೊಳ್ಳಿ, ಆಮೇಲೆ ಎಣಿಕೆ ಮುಗಿಯುವ ತನಕ ಮುಟ್ಟಬೇಡಿ ಅಂತ ಎಲ್ಲ ರಾಜ್ಯಗಳಿಗೂ ಸೂಚನೆ ಹೋಗಿತ್ತು. 2025ರಲ್ಲಿ ಬೃಹತ್ ಮೈಸೂರಿನ ಸುದ್ದಿ ದಿಢೀರ್ ಅಂತ ಜೋರಾದಾಗ ತಲೆಯ ಮೇಲೆ ಈ ಗಡುವೂ ಇತ್ತು.

ಕೋರ್ಟ್ ಏನು ಹೇಳಿದೆ?

ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಸಾಕಷ್ಟು ಗಟ್ಟಿಯಾಗಿಯೇ ಮಾತಾಡಿದೆ. 2006ರಲ್ಲಿ ಅಹಮದಾಬಾದ್ ಪಾಲಿಕೆಯ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ, ಐದು ವರ್ಷದೊಳಗೆ ಚುನಾವಣೆ ಮಾಡಲೇಬೇಕು, ಪ್ರಕೃತಿ ವಿಕೋಪದಂಥ ಕಾರಣ ಬಿಟ್ಟು ಬೇರೆ ನೆಪ ಇಲ್ಲ ಅಂದಿತು. 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಾರ್ಡ್ ಪುನರ್‌ವಿಂಗಡಣೆ ನಡೀತಾ ಇದೆ ಅನ್ನುವುದಾಗಲಿ, ಹಿಂದುಳಿದ ವರ್ಗಗಳ ಮೀಸಲಾತಿಯ ಅಧ್ಯಯನ ಮುಗಿದಿಲ್ಲ ಅನ್ನುವುದಾಗಲಿ ಚುನಾವಣೆ ಮುಂದೂಡಲು ಕಾರಣ ಆಗುವುದಿಲ್ಲ ಅಂತ ಹೇಳಿತು.

ಹಾಗಾದರೆ ಯಾರಾದರೂ ಕೋರ್ಟಿಗೆ ಹೋದರೆ ಮುಗೀತಲ್ಲ? ಅಷ್ಟು ಸಲೀಸಲ್ಲ. ಕೋರ್ಟ್ ಗಡುವು ಕೊಡುತ್ತದೆ. ಸರ್ಕಾರ ಸಮಯ ಕೇಳುತ್ತದೆ. ಕಾನೂನಿಗೆ ತಿದ್ದುಪಡಿ ಬರುತ್ತದೆ. ವಾರ್ಡಿನ ಸಂಖ್ಯೆ ಬದಲಾಗುತ್ತದೆ. ಹಳೆಯ ಗಡುವು ಹಳೆಯ ವಾರ್ಡಿನ ಜೊತೆಗೇ ಹೋಗುತ್ತದೆ. ಬೆಂಗಳೂರಿನಲ್ಲಿ ಆಗಿದ್ದು ಹೆಚ್ಚುಕಡಿಮೆ ಇದೇ.

ಮೀಸಲಾತಿಯ ಲೆಕ್ಕ

ಟಿಕೆಟ್ ಆಕಾಂಕ್ಷಿಗಳ ನಿದ್ದೆ ಕೆಡಿಸುವುದು ಈ ಭಾಗ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಕ್ಕೆ ಊರಿನ ಜನಸಂಖ್ಯೆಯಲ್ಲಿ ಅವರ ಪಾಲು ಎಷ್ಟೋ ಅಷ್ಟು. ಹಿಂದುಳಿದ ವರ್ಗಗಳಿಗೆ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ 2022ರಲ್ಲಿ ಮೂರನೇ ಒಂದು ಭಾಗ ಶಿಫಾರಸು ಮಾಡಿತು. ಆದರೆ ಮೂರೂ ಸೇರಿ ಅರ್ಧ ದಾಟುವಂತಿಲ್ಲ. ಇದರ ಮೇಲೆ, ಎಲ್ಲ ವರ್ಗದೊಳಗೂ ಸುಮಾರು ಅರ್ಧ ಮಹಿಳೆಯರಿಗೆ. ಸಂವಿಧಾನ ಮೂರನೇ ಒಂದು ಭಾಗ ಕೊಡಿ ಅಂದರೆ ಕರ್ನಾಟಕ ಅರ್ಧ ಕೊಟ್ಟಿದೆ.

65 ವಾರ್ಡಿಗೇ ಲೆಕ್ಕ ಹಾಕಿ. ಮೀಸಲು 32 ಅಂತಿಟ್ಟುಕೊಂಡರೆ ಉಳಿದದ್ದು 33. ಅದರಲ್ಲಿ ಅರ್ಧ ಸಾಮಾನ್ಯ ಮಹಿಳೆಗೆ. ಅಲ್ಲಿಗೆ ಯಾರು ಬೇಕಾದರೂ ನಿಲ್ಲಬಹುದಾದ ವಾರ್ಡು 16 ಅಥವಾ 17. ಅಂದರೆ ಯಾವ ಮೀಸಲಾತಿಯೂ ಇಲ್ಲದ ಒಬ್ಬ ಗಂಡಸು ತನ್ನ ಸ್ವಂತ ವಾರ್ಡಿನಲ್ಲೇ ನಿಲ್ಲುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಿಂದುಳಿದ ವರ್ಗದ ಅಥವಾ ಪರಿಶಿಷ್ಟ ಜಾತಿಯ ಮಹಿಳೆಗೆ ಬಾಗಿಲು ಜಾಸ್ತಿ, ಯಾಕೆಂದರೆ ಅವರು ತಮ್ಮ ಮೀಸಲು ವಾರ್ಡಿನಲ್ಲೂ ನಿಲ್ಲಬಹುದು, ಸಾಮಾನ್ಯ ಮಹಿಳೆ, ಸಾಮಾನ್ಯ ವಾರ್ಡುಗಳಲ್ಲೂ ನಿಲ್ಲಬಹುದು. ತಲೆಮಾರುಗಳಿಂದ ಮುಚ್ಚಿದ್ದ ಬಾಗಿಲು ತೆಗೆಯಲೆಂದೇ ಮಾಡಿದ ವ್ಯವಸ್ಥೆ ಇದು, ಅದರ ಬಗ್ಗೆ ಗೊಣಗುವುದರಲ್ಲಿ ಅರ್ಥ ಇಲ್ಲ.

ಗೊಣಗಬೇಕಾದ್ದು ಬೇರೆ ಕಡೆ. ಪ್ರತಿ ಚುನಾವಣೆಗೂ ಮೀಸಲಾತಿ ತಿರುಗುತ್ತದೆ. ಪಟ್ಟಿ ಬರುವುದು ಕೊನೆ ಗಳಿಗೆಯಲ್ಲಿ. ಅಲ್ಲಿವರೆಗೆ ವಾರ್ಡಿಗಾಗಿ ದುಡಿದವರಿಗೆ ಆ ವಾರ್ಡ್ ತಮ್ಮದಾಗುತ್ತದೋ ಇಲ್ಲವೋ ಗೊತ್ತಿರುವುದಿಲ್ಲ. ವಾರ್ಡ್ ಮಹಿಳೆಗೆ ಹೋದರೆ ಎಷ್ಟೋ ಕಡೆ ಹೆಂಡತಿಯ ಹೆಸರಿನಲ್ಲಿ ನಾಮಪತ್ರ, ಗಂಡನ ಫೋಟೊ ದೊಡ್ಡದಾಗಿರುವ ಕರಪತ್ರ. ಹಾಗೆ ಬಂದವರಲ್ಲೂ ಎರಡನೇ ವರ್ಷಕ್ಕೆ ಗಂಡನನ್ನು ಪಕ್ಕಕ್ಕೆ ಕೂರಿಸಿ ಸಭೆಯಲ್ಲಿ ತಾವೇ ಎದ್ದು ನಿಂತು ಮಾತಾಡಲು ಕಲಿತ ಹೆಣ್ಣುಮಕ್ಕಳು ಇದ್ದಾರೆ ಅನ್ನುವುದನ್ನೂ ಹೇಳಬೇಕು.

ಹಾಲಿನ ಬೂತಿನವರ ಲೆಕ್ಕ

ಈಗ ಊಹೆಗೆ ಒಬ್ಬರನ್ನು ಇಟ್ಟುಕೊಳ್ಳೋಣ. ಒಂದು ಬಡಾವಣೆಯ ಮೂಲೆಯಲ್ಲಿ ನಂದಿನಿ ಹಾಲಿನ ಬೂತ್ ನಡೆಸುವವರು. ಬೆಳಿಗ್ಗೆ ಐದೂವರೆಗೆ ಬಾಗಿಲು. ಸುತ್ತಲಿನ ನಾನೂರು ಮನೆ ಗೊತ್ತು, ಯಾರ ಮನೆಗೆ ಅರ್ಧ ಲೀಟರು, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಅಂತ ಒಂದು ಲೀಟರು ಹೆಚ್ಚಾಯಿತು, ಎಲ್ಲ ಗೊತ್ತು. ಮ್ಯಾನ್‌ಹೋಲ್ ಉಕ್ಕಿದರೆ ಮೊದಲು ದೂರು ಬರುವುದು ಇವರ ಬೂತಿಗೆ. ಇಂಥವರು ಕಾರ್ಪೊರೇಟರ್ ಆಗಬೇಕು ಅಂತ ನಾಲ್ಕು ಜನ ಹೇಳುತ್ತಾರೆ, ಇವರಿಗೂ ಅನ್ನಿಸುತ್ತದೆ.

ಇವರ ಬಂಡವಾಳ ಆ ಪರಿಚಯ ಒಂದೇ. ದುಡ್ಡಿಲ್ಲ, ಗಾಡ್‌ಫಾದರ್ ಇಲ್ಲ. ಆದರೆ ವಾರ್ಡ್ ಚುನಾವಣೆಯಲ್ಲಿ ಈ ಬಂಡವಾಳ ಸಣ್ಣದಲ್ಲ. ಹತ್ತು ಸಾವಿರ ಮತದಾರರಿರುವ ವಾರ್ಡಿನಲ್ಲಿ ಅರ್ಧ ಜನ ಮತಗಟ್ಟೆಗೆ ಬಂದು, ಐದಾರು ಅಭ್ಯರ್ಥಿಗಳು ಮತ ಹಂಚಿಕೊಂಡರೆ, ಒಂದೂವರೆ ಎರಡು ಸಾವಿರ ಮತಕ್ಕೆ ಗೆಲುವು ಬಂದುಬಿಡುತ್ತದೆ. ನಾನೂರು ಮನೆ ಅಂದರೆ ಸಾವಿರದ ಮೇಲೆ ಮತ. 2018ರಲ್ಲಿ ಮೈಸೂರಿನಲ್ಲಿ ಐದು ಜನ ಪಕ್ಷೇತರರು ಗೆದ್ದಿದ್ದು ಸುಮ್ನೆ ಅಲ್ಲ.

ಈಗ ಪುನರ್‌ವಿಂಗಡಣೆಯ ಗೆರೆ ಅವರ ಬೂತಿನ ಮುಂದಿನ ರಸ್ತೆಯ ಮೇಲೇ ಹಾದು ಹೋಯಿತು ಅಂತಿಟ್ಟುಕೊಳ್ಳಿ. ನಾನೂರರಲ್ಲಿ ಇನ್ನೂರೈವತ್ತು ಮನೆ ಆಚೆ ವಾರ್ಡಿಗೆ. ಈಚೆ ಉಳಿದದ್ದು ನೂರೈವತ್ತು. ಕಾನೂನಿನ ಪ್ರಕಾರ ಅವರು ಪಾಲಿಕೆ ವ್ಯಾಪ್ತಿಯ ಯಾವ ವಾರ್ಡಿನಲ್ಲಾದರೂ ನಿಲ್ಲಬಹುದು, ಆದರೆ ಎರಡೂ ಕಡೆ ಅವರು ಈಗ ಅರ್ಧಂಬರ್ಧ ಪರಿಚಯದ ಮನುಷ್ಯ. ಅದರ ಮೇಲೆ ಒಂದು ವಾರ್ಡ್ ಮಹಿಳೆಗೆ, ಇನ್ನೊಂದು ಅವರದಲ್ಲದ ವರ್ಗಕ್ಕೆ ಹೋದರೆ ಕಥೆ ಅಲ್ಲಿಗೆ ಮುಗಿಯಿತು. ದೊಡ್ಡ ಪಕ್ಷಕ್ಕೆ ಈ ಗೆರೆಯಿಂದ ಏನೂ ಆಗುವುದಿಲ್ಲ. ಚಿಹ್ನೆ ಎರಡೂ ಕಡೆ ಅದೇ. ಅಭ್ಯರ್ಥಿ ಬದಲಾದರೆ ಆಯಿತು.

ವಿಳಂಬದ ಹೊಡೆತವೂ ಹೀಗೇ. ಚುನಾವಣೆ ಇವತ್ತೋ ನಾಳೆಯೋ ಅನ್ನುವ ವಾತಾವರಣ ಎರಡು ವರ್ಷ ಎಳೆದರೆ ಆಕಾಂಕ್ಷಿ ಎರಡು ವರ್ಷವೂ ಪ್ರಚಾರದಲ್ಲೇ ಇರಬೇಕು. ಸಂಕ್ರಾಂತಿಗೆ ಒಂದು ಫ್ಲೆಕ್ಸ್, ಯುಗಾದಿಗೆ ಒಂದು. ಗಣಪತಿ ಕೂರಿಸುವ ಹುಡುಗರಿಗೆ ಚಂದಾ. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ. ಆಷಾಢದಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗುವವರಿಗೆ ಪ್ರಸಾದ ವಿತರಣೆ. ಕ್ರಿಕೆಟ್ ಟೂರ್ನಿಗೆ ಟ್ರೋಫಿ. ಸಾವಾದ ಮನೆಗೆ ಶಾಮಿಯಾನ. ಒಂದನ್ನು ತಪ್ಪಿಸಿದರೂ ‘ಅವರು ಈಗ ಕಾಣಿಸ್ತಾನೇ ಇಲ್ಲ’ ಅನ್ನುವ ಮಾತು. ‘ಭಾವಿ ನಗರಪಾಲಿಕೆ ಸದಸ್ಯರು’ ಅಂತ ಬರೆಸಿದ ಫ್ಲೆಕ್ಸ್ ಬಿಸಿಲಿಗೆ ಬಣ್ಣ ಹೋಗಿ, ಮುಖ ನೀಲಿಯಾಗಿ, ಕೊನೆಗೆ ಯಾರದೋ ಹಸುವಿನ ಕೊಟ್ಟಿಗೆಗೆ ಮರೆಯಾಗುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಇಲ್ಲಿ ಕುಲಾವಿ ಹೊಲಿಸಿ ಹೊಲಿಸಿ ಮನೆ ಖಾಲಿ.

ಈ ಖರ್ಚು ಚುನಾವಣಾ ವೆಚ್ಚದ ಮಿತಿಯ ಒಳಗೆ ಬರುವುದಿಲ್ಲ, ಯಾಕೆಂದರೆ ಕಾಗದದ ಮೇಲೆ ಚುನಾವಣೆಯೇ ಇಲ್ಲ. ರಿಯಲ್ ಎಸ್ಟೇಟ್‌ನವರು, ಗುತ್ತಿಗೆದಾರರು, ಬಡ್ಡಿ ವ್ಯವಹಾರದವರು ಎರಡು ವರ್ಷ ಅಲ್ಲ, ನಾಲ್ಕು ವರ್ಷ ಬೇಕಾದರೂ ತಡೆದುಕೊಳ್ಳುತ್ತಾರೆ. ಹಾಲಿನ ಬೂತಿನವರು ಎರಡನೇ ಗಣಪತಿ ಹಬ್ಬಕ್ಕೇ ಕೈ ಎತ್ತುತ್ತಾರೆ. ಚುನಾವಣೆ ತಡ ಆದಷ್ಟೂ ಕಣದಲ್ಲಿ ಉಳಿಯುವವರು ಯಾರು ಅನ್ನುವುದು ತಾನಾಗಿ ತೀರ್ಮಾನ ಆಗಿಬಿಡುತ್ತದೆ. ವಿಳಂಬದ ಚರ್ಚೆಯಲ್ಲಿ ಪಕ್ಷಗಳ ಲಾಭನಷ್ಟ ಮಾತ್ರ ಕಾಣುತ್ತದೆ, ಈ ಜರಡಿ ಕಾಣುವುದಿಲ್ಲ.

ಕಾರ್ಪೊರೇಟರ್ ಇಲ್ಲದಿದ್ದರೆ ಏನು ನಷ್ಟ?

‘ಇದ್ದಾಗ ಏನು ಕಡಿದು ಕಟ್ಟೆ ಹಾಕಿದ್ದರು?’ ಅಂತ ಕೇಳುವವರು ಬಹಳ. ಅಧಿಕಾರಿಗಳ ಆಡಳಿತವೇ ವಾಸಿ, ಕಮಿಷನ್ ಕಾಟ ಇಲ್ಲ ಅನ್ನುವ ವಾದವೂ ಇದೆ. ಕಳೆದ ಅವಧಿಯ ಜಗಳ, ಮೇಯರ್ ಚುನಾವಣೆಗೆ ಮುಂಚಿನ ರೆಸಾರ್ಟ್ ಯಾತ್ರೆ ನೆನಪಿರುವವರಿಗೆ ಹಾಗೆ ಅನ್ನಿಸುವುದು ಸಹಜ.

ಆದರೆ ಮೈಸೂರಿನ ಕೌನ್ಸಿಲ್, ಅಂದರೆ ಗೆದ್ದ ಸದಸ್ಯರ ಸಭೆ, ಬೆಂಗಳೂರಿನ ಹಾಗಲ್ಲ. ಬೆಂಗಳೂರಿನಲ್ಲಿ ನೀರು ಜಲಮಂಡಳಿಯದ್ದು. ಮೈಸೂರಿನಲ್ಲಿ ನೀರು ಕೊಡುವ ವಾಣಿವಿಲಾಸ ವಾಟರ್ ವರ್ಕ್ಸ್ ಪಾಲಿಕೆಯದ್ದೇ. ಒಳಚರಂಡಿಯೂ ಪಾಲಿಕೆಯದ್ದು. ವಿದ್ಯಾರಣ್ಯಪುರಂನ ಸೂಯೇಜ್ ಫಾರಂ ಕಸದ ರಾಶಿ ಪಾಲಿಕೆಯದ್ದು. ಆಸ್ತಿ ತೆರಿಗೆ, ನೀರಿನ ದರ, ಬಜೆಟ್, ಇವೆಲ್ಲ ಕೌನ್ಸಿಲ್ ಮುಂದೆ ಬಂದು ಚರ್ಚೆ ಆಗಬೇಕಾದವು. ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ ಅಂತ ನಾಲ್ಕು ಸ್ಥಾಯಿ ಸಮಿತಿಗಳಿರಬೇಕು. ಈಗ ಬಜೆಟ್‌ಗೆ ಸಹಿ ಹಾಕುವುದು ಆಡಳಿತಾಧಿಕಾರಿ, ಅಂದರೆ ಪ್ರಾದೇಶಿಕ ಆಯುಕ್ತರು. ಅವರಿಗೆ ಸುತ್ತಲಿನ ಹಲವು ಜಿಲ್ಲೆಗಳ ಹೊಣೆಯೂ ಇದೆ. ಮಂಡಿ ಮೊಹಲ್ಲಾದ ಯಾವ ಬೀದಿಯಲ್ಲಿ ಎರಡು ದಿನಕ್ಕೊಮ್ಮೆ ನೀರು ಅಂತ ಅವರಿಗೆ ಗೊತ್ತಿರಬೇಕು ಅಂತ ನಿರೀಕ್ಷೆ ಮಾಡುವುದೇ ತಪ್ಪು.

ಸೋಮವಾರ ಬೆಳಿಗ್ಗೆ ಮ್ಯಾನ್‌ಹೋಲ್ ಉಕ್ಕಿದರೆ ಏನಾಗುತ್ತದೆ ನೋಡಿ. ಸಹಾಯವಾಣಿಗೆ ಫೋನು, ದೂರಿನ ನಂಬರು. ಅದು ವಲಯ ಕಚೇರಿಗೆ. ಅಲ್ಲಿಂದ ಎಂಜಿನಿಯರ್‌ಗೆ. ಎಂಜಿನಿಯರ್‌ಗೆ ಮೂರ್ನಾಲ್ಕು ವಾರ್ಡು. ಕಾರ್ಪೊರೇಟರ್ ಇದ್ದಾಗ ಅವರ ಮನೆ ಮುಂದೆ ನಾಲ್ಕು ಹೆಂಗಸರು ನಿಂತರೆ ಸಕ್ಕಿಂಗ್ ಮೆಷಿನ್ ಬರುತ್ತಿತ್ತು, ಯಾಕೆಂದರೆ ಆ ನಾಲ್ಕು ಮತ ಅವರಿಗೆ ಬೇಕಿತ್ತು. ಎಂಜಿನಿಯರ್‌ಗೆ ಆ ಭಯ ಇಲ್ಲ.

ಹಾಗಾಗಿ ಜನ ಹೋಗುವುದು ಶಾಸಕರ ಕಚೇರಿಗೆ. ಊರಿನಲ್ಲಿ ಇರುವ ವಿಧಾನಸಭಾ ಕ್ಷೇತ್ರಗಳು ಕೃಷ್ಣರಾಜ, ಚಾಮರಾಜ, ನರಸಿಂಹರಾಜ, ಜೊತೆಗೆ ಚಾಮುಂಡೇಶ್ವರಿಯ ಒಂದಷ್ಟು ಭಾಗ. ಇಡೀ ಊರಿನ ಚರಂಡಿ, ಬೀದಿದೀಪ ಇಷ್ಟು ಬಾಗಿಲಿಗೆ ಬಂದು ನಿಲ್ಲುತ್ತದೆ. ಮೇಲ್ನೋಟಕ್ಕೆ ಇದು ಶಾಸಕರಿಗೆ ಹೊರೆ. ನಿಜವಾಗಿ ನೋಡಿದರೆ ಅಧಿಕಾರ. ಯಾವ ರಸ್ತೆಗೆ ಡಾಂಬರು ಅನ್ನುವುದನ್ನು ಹೇಳಲು ನಡುವೆ ಇನ್ನೊಬ್ಬರು ಇರುವುದಿಲ್ಲ. ನಾಳೆ ಟಿಕೆಟ್ ಕೇಳಲು ಬೆಳೆದು ನಿಲ್ಲುವ ಕಾರ್ಪೊರೇಟರೂ ಇರುವುದಿಲ್ಲ. ಪಾಲಿಕೆ ಚುನಾವಣೆ ಬೇಗ ಆಗಲಿ ಅಂತ ಶಾಸಕರು ಜೋರಾಗಿ ಹೇಳದಿರಲು ಇದೂ ಒಂದು ಕಾರಣ ಇದ್ದೀತು.

ಶಾಸಕರು, ಸಂಸದರು ಈ ಸಂಸ್ಥೆಗಳಲ್ಲಿ ಹೊರಗಿನವರೂ ಅಲ್ಲ. ಮೇಯರ್, ಅಧ್ಯಕ್ಷರ ಆಯ್ಕೆಯಲ್ಲಿ ಅವರಿಗೂ ಮತ ಇದೆ. 2024ರ ಆಗಸ್ಟ್‌ನಲ್ಲಿ ಮಂಡ್ಯ ನಗರಸಭೆ ಅಧ್ಯಕ್ಷರ ಆಯ್ಕೆಗೆ ಕೇಂದ್ರ ಸಚಿವ ಎಚ್.ಡಿ. ಕುಮಾರಸ್ವಾಮಿ ಅವರೇ ಬಂದು ಮತ ಹಾಕಿದ್ದರು. ಒಂದು ನಗರಸಭೆಯ ಕುರ್ಚಿಗೆ ಅಷ್ಟು ಬೆಲೆ ಇದೆ ಅಂತಾಯಿತು.

ದುಡ್ಡಿನ ವಿಷಯ ಬೇರೆ. ಕೇಂದ್ರ ಹಣಕಾಸು ಆಯೋಗದ ಅನುದಾನಕ್ಕೆ ಚುನಾಯಿತ ಮಂಡಳಿ ಇರಬೇಕು ಅನ್ನುವ ಷರತ್ತಿದೆ. ಚುನಾವಣೆ ಮಾಡದ ಕಡೆ ಆ ಹಣ ನಿಲ್ಲುತ್ತದೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಚುನಾವಣೆ ಮಾಡದೆ ರಾಜ್ಯ ಈಗಾಗಲೇ ಇದರ ಬಿಸಿ ಅನುಭವಿಸಿದೆ.

ನಿಲ್ಲಲು ಏನು ಬೇಕು?

ಇದು ಸರಳ. 21 ವರ್ಷ ತುಂಬಿರಬೇಕು, ವಿಧಾನಸಭೆಗೆ ಬೇಕಾದ ಹಾಗೆ 25 ಅಲ್ಲ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಬೆಂಗಳೂರಿನಲ್ಲಿ ಕೆಲಸ, ಹೆಸರು ಅಲ್ಲಿಗೆ ವರ್ಗ, ಮನಸ್ಸು ಮಾತ್ರ ಮೈಸೂರಲ್ಲಿ ಅನ್ನುವವರು ಇದನ್ನು ಮೊದಲು ನೋಡಿಕೊಳ್ಳಬೇಕು. ಪಾಲಿಕೆಯ ಜೊತೆ ಗುತ್ತಿಗೆ ಇರಬಾರದು, ಬಾಕಿ ಉಳಿಸಿಕೊಂಡಿರಬಾರದು. ಗ್ರಾಮ ಪಂಚಾಯಿತಿಯ ಹಾಗೆ ಇಲ್ಲಿ ಪಕ್ಷದ ಚಿಹ್ನೆ ಇಲ್ಲದ ಚುನಾವಣೆ ಅಲ್ಲ. ಪಕ್ಷ ತನ್ನ ಅಭ್ಯರ್ಥಿಗೆ ಕೊಡುವ ಬಿ-ಫಾರಂ ಇದ್ದರೆ ಚಿಹ್ನೆ, ಇಲ್ಲದಿದ್ದರೆ ಪಕ್ಷೇತರ. ಪಕ್ಷದಿಂದ ಗೆದ್ದು, ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ (ವಿಪ್) ಮೀರಿದರೆ 1987ರ ಪಕ್ಷಾಂತರ ನಿಷೇಧ ಕಾನೂನು ಇದೆ.

ಆಸ್ತಿ ವಿವರದ ಪ್ರಮಾಣಪತ್ರವನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. 2021ರಲ್ಲಿ ಮೈಸೂರಿನ ಮೇಯರ್ ಆಗಿದ್ದವರ ಸದಸ್ಯತ್ವವೇ ಹೈಕೋರ್ಟ್‌ನಲ್ಲಿ ಹೋಯಿತು. ಕಾರಣ 2018ರ ನಾಮಪತ್ರದ ಜೊತೆ ಕೊಟ್ಟ ಆಸ್ತಿ ವಿವರ. ಆ ವಾರ್ಡಿಗೆ ಮತ್ತೆ ಉಪಚುನಾವಣೆ ಆಯಿತು.

ಯಾವ ಸುದ್ದಿಯನ್ನು ಎಷ್ಟು ನಂಬಬೇಕು?

‘ಶೀಘ್ರದಲ್ಲೇ ಚುನಾವಣೆ’ ಅಂತ ಸಚಿವರು ಹೇಳಿದರೆ ಅದು ಹೇಳಿಕೆ. ಸಂಪುಟ ಒಪ್ಪಿಗೆ ಕೊಟ್ಟರೆ ಅದು ತೀರ್ಮಾನ. 2025ರ ಸೆಪ್ಟೆಂಬರ್‌ನಲ್ಲಿ ಸ್ಥಳೀಯ ಚುನಾವಣೆಗೆ ಮತಪತ್ರ ಬಳಸಲು ಸಂಪುಟ ಮಾಡಿದ್ದು ಆಯೋಗಕ್ಕೆ ಶಿಫಾರಸು. ಇವು ಯಾವುವೂ ಚುನಾವಣೆಯ ದಿನಾಂಕವನ್ನು ಹತ್ತಿರ ತರುವುದಿಲ್ಲ. ಹತ್ತಿರ ತರುವುದು ವಾರ್ಡ್ ಗಡಿಯ ಅಂತಿಮ ಅಧಿಸೂಚನೆ, ಮೀಸಲಾತಿಯ ಅಂತಿಮ ಅಧಿಸೂಚನೆ, ವಾರ್ಡುವಾರು ಮತದಾರರ ಪಟ್ಟಿ. ಈ ಮೂರೂ ಬಂದಮೇಲೆ ಎಲ್ಲ ಬಹಳ ವೇಗವಾಗಿ ನಡೆಯುತ್ತದೆ. 2018ರಲ್ಲಿ ಆಗಸ್ಟ್ ಮೊದಲ ವಾರದಲ್ಲಿ ವೇಳಾಪಟ್ಟಿ ಬಂದು, ತಿಂಗಳ ಕೊನೆಯ ದಿನ ಮತದಾನ ಮುಗಿದಿತ್ತು.

ಅಂತಿಮಕ್ಕೆ ಮುಂಚೆ ಕರಡು ಬರುತ್ತದೆ, ಆಕ್ಷೇಪಣೆಗೆ ಕೆಲವು ದಿನ ಕೊಡುತ್ತಾರೆ. ಪಕ್ಷಗಳ ಕಚೇರಿಯಲ್ಲಿ ಇದನ್ನು ಕಾದು ಕೂತವರಿರುತ್ತಾರೆ, ಅವರ ಆಕ್ಷೇಪಣೆ ಮೊದಲ ದಿನವೇ ಹೋಗಿರುತ್ತದೆ. ಬಡಾವಣೆಯ ನಿವಾಸಿಗಳ ಸಂಘಕ್ಕೆ ಗೊತ್ತಾಗುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ‘ನಮ್ಮ ವಾರ್ಡನ್ನು ಒಡೆಯಬೇಡಿ’ ಅಂತ ಬರೆದ ಅರ್ಜಿಗೆ ಬೆಲೆ ಇಲ್ಲ. ಇಂಥ ಕ್ರಾಸಿನಿಂದ ಇಂಥ ಮೇನ್‌ವರೆಗೆ ಗಡಿ ಹಾಕಿದ್ದೀರಿ, ಇದರಿಂದ ಒಂದೇ ಒಳಚರಂಡಿ ಲೈನಿನ ಮನೆಗಳು ಎರಡು ವಾರ್ಡಿಗೆ ಹೋಗುತ್ತವೆ, ಗೆರೆಯನ್ನು ಪಕ್ಕದ ಮೋರಿ ಅಥವಾ ಮುಖ್ಯರಸ್ತೆಗೆ ಸರಿಸಿ ಅಂತ ನಕ್ಷೆ ಸಮೇತ ಬರೆದರೆ ಅದನ್ನು ತಿರಸ್ಕರಿಸಲು ಅಧಿಕಾರಿಯೂ ಕಾರಣ ಬರೆಯಬೇಕಾಗುತ್ತದೆ. ಆ ಕಾರಣವೇ ಮುಂದೆ ಹೈಕೋರ್ಟ್‌ಗೆ ಹೋಗುವವರಿಗೆ ದಾಖಲೆ. ಅದೂ ಅಧಿಸೂಚನೆ ಅಂತಿಮ ಆಗುವ ಮುಂಚೆ. ಆಮೇಲೆ ಚುನಾವಣೆ ಘೋಷಣೆ ಆಗಿಬಿಟ್ಟರೆ ಸಂವಿಧಾನದ 243ಝಡ್‌ಜಿ ವಿಧಿ ಅಡ್ಡ ಬರುತ್ತದೆ, ಕೋರ್ಟ್ ಕೈ ಹಾಕುವುದಿಲ್ಲ.